ಉಪ್ಪಿನವರ ತೋಳು

ಐದು ಸಲ ಹೋಗಿದ್ದಳು. ಐದು ಸಲವೂ ಅವಳ ತೋಳಿಗೆ ಬಿಪಿ ನೋಡುವ ಪಟ್ಟಿ ಕಟ್ಟಲಿಲ್ಲ. ಕಥೆ ಇಷ್ಟೇ. ಇಷ್ಟಕ್ಕೆ ಒಂದು ಹೆಣ್ಣು ಸತ್ತಳು ಅಂದರೆ ನೀವು ನಂಬುವುದಿಲ್ಲ, ಬೇರೆ ಏನೋ ಇದ್ದಿರಬೇಕು ಅನ್ನುತ್ತೀರಿ. ಇರಲಿಲ್ಲ. ಕೂತು ಕೇಳಿ.

ಚರ್ಮದ ಕಾರ್ಖಾನೆಯಲ್ಲಿ ಉಪ್ಪಿನ ಶೆಡ್ಡು ಅಂತ ಒಂದಿರುತ್ತದೆ. ಹಸಿ ಚರ್ಮ ಕೊಳೆಯಬಾರದು ಅಂತ ಉಪ್ಪು ಮೆತ್ತಿ ಕಳಿಸುತ್ತಾರೆ. ಲಾರಿಯಿಂದ ಇಳಿದ ಆ ಚರ್ಮವನ್ನು ಇಬ್ಬರು ಹೆಂಗಸರು ಎರಡು ತುದಿ ಹಿಡಿದು, ಮರದ ಚೌಕಟ್ಟಿನ ಮೇಲೆ ಬಡಿದು ಬಡಿದು ಹಳೆ ಉಪ್ಪನ್ನು ಕೊಡವಬೇಕು. ಒಂದೊಂದು ಚರ್ಮ ಹೆಣಭಾರ. ದಿನಕ್ಕೆ ಇನ್ನೂರು. ಕೊಡವಿದ ಉಪ್ಪಿನಲ್ಲಿ ಕೂದಲು, ರಕ್ತ, ಕೊಬ್ಬಿನ ಚೂರು ಎಲ್ಲ ಇರುತ್ತವೆ. ಅದನ್ನು ಗುಡಿಸಿ ಚೀಲಕ್ಕೆ ತುಂಬಬೇಕು. ಬೆರಳಿನ ಗಿಣ್ಣು ಸೀಳುತ್ತದೆ. ಸೀಳಿದಲ್ಲಿ ಉಪ್ಪು ಇಳಿಯುತ್ತದೆ. ಇನ್ನು ವಾಸನೆ. ಸೋಪು ಹಾಕಿ ತಿಕ್ಕಿದರೆ ಸೋಪಿಗೇ ವಾಸನೆ ಹಿಡಿಯುತ್ತದೆ, ಮೈಯಿಂದ ಮಾತ್ರ ಹೋಗುವುದಿಲ್ಲ. ಊರಿನವರು ಇವರನ್ನು ಉಪ್ಪಿನವರು ಅನ್ನುತ್ತಾರೆ. ಬಸ್ಸಿನಲ್ಲಿ ಇವರ ಪಕ್ಕದ ಸೀಟಿನಲ್ಲಿ ಯಾರೂ ಕೂರುವುದಿಲ್ಲ.

ಆ ಶೆಡ್ಡಿನಲ್ಲಿ ಹದಿನೆಂಟು ವರ್ಷದಿಂದ ದುಡಿಯುವ ಒಬ್ಬಳಿದ್ದಾಳೆ. ಎಲ್ಲರೂ ಅವಳನ್ನು ಅಕ್ಕ ಅನ್ನುತ್ತಾರೆ, ಅವಳಿಗಿಂತ ಇಪ್ಪತ್ತು ವರ್ಷ ದೊಡ್ಡವಳಾದ ಹಲ್ಲಜ್ಜಿ ಕೂಡ. ಒಡಹುಟ್ಟಿದವಳು ಮಾತ್ರ ಒಬ್ಬಳೇ, ಗುಬ್ಬಿ. ಸಣ್ಣ ಆಳು, ದೊಡ್ಡ ಬಾಯಿ. ತಾಯಿ ತೀರಿಕೊಂಡಾಗ ಗುಬ್ಬಿಗೆ ನಾಲ್ಕು ವರ್ಷ. ಅಕ್ಕ ಅವಳನ್ನು ಸೊಂಟದ ಮೇಲಿಟ್ಟುಕೊಂಡೇ ಬೆಳೆಸಿದಳು. ಗಂಡ ಬಿಟ್ಟು ಹೋದಾಗ ಅಕ್ಕ ಅಳಲಿಲ್ಲ, ಗುಬ್ಬಿ ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟಾಗ ಅತ್ತಳು. ಆಮೇಲೆ ಕೈ ಹಿಡಿದು ಶೆಡ್ಡಿಗೆ ಕರೆತಂದವಳೂ ಅವಳೇ. ಈಗ ಅದನ್ನೇ ಹೇಳಿಕೊಂಡು ಎದೆ ಬಡಿದುಕೊಳ್ಳುತ್ತಾಳೆ.

ಉಪ್ಪಿನವರಿಗೆ ಒಂದು ನಂಬಿಕೆ ಇದೆ. ಉಪ್ಪು ಮೈಗೆ ಹತ್ತುತ್ತದೆ ಅಂತ. ಇಡೀ ದಿನ ನಿಂತು ಕಾಲು ಊದಿದರೆ ಉಪ್ಪು ಹತ್ತಿದೆ. ಬೆಳಗ್ಗೆ ಎದ್ದಾಗ ಬೆರಳು ಮಡಚಲು ಬಾರದಿದ್ದರೆ ಉಪ್ಪು ಹತ್ತಿದೆ. ಮದ್ದೂ ಅವರದ್ದೇ. ಕಾಲನ್ನು ತಣ್ಣೀರಿನಲ್ಲಿ ಇಟ್ಟುಕೋ, ಎರಡು ದಿನ ಸಪ್ಪೆ ತಿನ್ನು, ಕೊಡವುವುದು ಬಿಟ್ಟು ಚೀಲ ಹೊಲಿಯುವ ಕಡೆ ಕೂತುಕೋ. “ಉಪ್ಪು ತಿಂದೋರು ನೀರು ಕುಡೀಲೇಬೇಕು ಅಂತಾರೆ. ನಾವು ತಿನ್ನದೇನೇ ಕುಡೀತಿದೀವಲ್ರೇ!” ಅನ್ನುತ್ತಾಳೆ ಹಲ್ಲಜ್ಜಿ. ಅವಳ ಬಾಯಲ್ಲಿ ಉಳಿದಿರುವುದು ಒಂದೇ ಹಲ್ಲು. ಹದಿನೆಂಟು ವರ್ಷದಲ್ಲಿ ಈ ಮದ್ದು ಸುಳ್ಳಾದದ್ದನ್ನು ಅಕ್ಕ ನೋಡಿರಲಿಲ್ಲ. ಎರಡು ದಿನ ಕೂತರೆ ಯಾರ ಕಾಲಾದರೂ ಇಳಿಯುತ್ತದೆ, ಅದಕ್ಕೆ ಉಪ್ಪೂ ಬೇಡ, ಮದ್ದೂ ಬೇಡ. ಆದರೆ ಹಾಗಂತ ಅವರಿಗೆ ಯಾರು ಹೇಳಿದ್ದರು?

ಮದುವೆಯಾದ ಮೂರನೇ ವರ್ಷಕ್ಕೆ ಗುಬ್ಬಿ ಬಸುರಿಯಾದಳು. ಗಂಡ ಚರ್ಮದ ಲಾರಿಯಲ್ಲಿ ಕ್ಲೀನರು, ವಾರಕ್ಕೊಮ್ಮೆ ಮನೆಗೆ ಬರುವವನು. ಹಾಗಾಗಿ ಬಸುರಿನ ಚಾಕರಿಯೆಲ್ಲ ಅಕ್ಕನದೇ. ಮೂರನೇ ತಿಂಗಳಿಗೆ ಕಾರ್ಖಾನೆಯ ಹಿಂದಿನ ಬೀದಿಯ ಸರ್ಕಾರಿ ಕ್ಲಿನಿಕ್ಕಿನಲ್ಲಿ ಕಾರ್ಡು ಮಾಡಿಸಿದಳು. ಮಂಗಳವಾರ ಬಸುರಿಯರ ದಿನ, ಹತ್ತರಿಂದ ಒಂದರವರೆಗೆ. ಶೆಡ್ಡಿನ ನಲ್ಲಿಯಲ್ಲಿ ನೀರು ಬಿಡುವುದು ಕೆಲಸ ಮುಗಿದ ಮೇಲೆ, ನಾಲ್ಕು ಗಂಟೆಗೆ. ಮೇಸ್ತ್ರಿ ಅರ್ಧ ಗಂಟೆ ಬಿಡುತ್ತಿದ್ದ, ಒಂದು ನಿಮಿಷ ಹೆಚ್ಚಿಲ್ಲ. ಅಂದರೆ ಹೋಗುವುದಾದರೆ ಮೈ ತೊಳೆಯದೆ ಹೋಗಬೇಕು. ತೊಳೆದುಕೊಂಡೇ ಹೋಗುತ್ತೇನೆ ಅಂದರೆ ಕ್ಲಿನಿಕ್ಕು ಮುಚ್ಚಿರುತ್ತದೆ.

ಕ್ಲಿನಿಕ್ಕಿನ ಒಳಗೆ ಬೆಂಚಿದೆ, ಫ್ಯಾನಿದೆ, ಪರದೆ ಕಟ್ಟಿದ ಒಂದು ಮೂಲೆ ಇದೆ. ಉಪ್ಪಿನವರಿಗೆ ಕಿಟಕಿ. ಹಾಗಂತ ಎಲ್ಲೂ ಬೋರ್ಡು ಹಾಕಿಲ್ಲ. ಯಾವತ್ತೋ ಒಬ್ಬಳು ಒಳಗೆ ಹೋಗಿದ್ದಕ್ಕೆ ನರ್ಸಮ್ಮ ಮೂಗು ಮುಚ್ಚಿಕೊಂಡು “ನೀವು ಆ ಕಡೆಯಿಂದ ಬನ್ನಿ” ಅಂದಳಂತೆ. ಅವತ್ತಿನಿಂದ ಎಲ್ಲರೂ ಆ ಕಡೆಯಿಂದಲೇ. ಕಿಟಕಿಯಲ್ಲಿ ಕಾರ್ಡು ಕೊಟ್ಟರೆ ನರ್ಸಮ್ಮ ಮುಖ ನೋಡುತ್ತಾಳೆ, ಹೊಟ್ಟೆ ನೋಡುತ್ತಾಳೆ, ಕಾರ್ಡಿನಲ್ಲಿ ಏನೋ ಬರೆಯುತ್ತಾಳೆ, ಮಾತ್ರೆಯ ಪೊಟ್ಟಣ ಇಟ್ಟು ಕಾರ್ಡು ತಳ್ಳುತ್ತಾಳೆ. ಮೂತ್ರ ಪರೀಕ್ಷೆಯ ಸೀಸೆ ಒಳಗಿನವರಿಗೆ ಮಾತ್ರ.

ಗುಬ್ಬಿಗೆ ಓದಲು ಬರುತ್ತಿತ್ತು. ಮೂರನೇ ಸಲ ಕಾರ್ಡು ತಂದವಳು ಶೆಡ್ಡಿನ ಬಾಗಿಲಲ್ಲಿ ನಿಂತು ನಗುತ್ತಿದ್ದಳು.

“ಅಕ್ಕಾ, ಇಲ್ನೋಡೇ. ಮೂರು ಸಲಾನೂ ನೂರಾ ಇಪ್ಪತ್ತು, ಎಂಬತ್ತು. ನನ್ನ ರಕ್ತ ಸ್ಕೂಲಲ್ಲಿ ಡ್ರಿಲ್ ಮಾಡೋ ಮಕ್ಕಳ ಥರ ನಿಂತಿದೆ. ಒಂದಿಂಚು ಆ ಕಡೆ ಈ ಕಡೆ ಇಲ್ಲ!”

“ಒಂದೇ ಇದ್ರೆ ಒಳ್ಳೇದೇ ಅಲ್ವೇನೆ?”

“ಆಫೀಸಿನ ಗುಮಾಸ್ತರ ಹೆಂಡ್ತಿ ಕಾರ್ಡು ನೋಡ್ದೆ. ಒಂದೊಂದು ಸಲ ಒಂದೊಂದು ಥರ ಇದೆ. ಅವ್ರನ್ನ ಪರದೆ ಹಿಂದೆ ಕೂರಿಸಿ ತೋಳಿಗೆ ಪಟ್ಟಿ ಕಟ್ತಾರೆ ಕಣೇ. ನಂಗೆ ಯಾರು ಕಟ್ಟಿದ್ರು? ಕಟ್ಟದೆ ಹೆಂಗೆ ಬರೀತಾರೆ?”

ಅಕ್ಕ ಕಾರ್ಡು ತಿರುಗಿಸಿ ನೋಡಿದಳು. “ನೋಡಿದ್ರೇ ಗೊತ್ತಾಗುತ್ತೇನೋ ಅವರಿಗೆ. ಓದಿದೋರು,” ಅಂದಳು. ಅಕ್ಕ ಚರ್ಮವನ್ನು ಎತ್ತಿದ ಕೂಡಲೇ ಅದರ ತೂಕ ಹೇಳಬಲ್ಲಳು. ಹಾಗೇ ನರ್ಸಮ್ಮನೂ ಮುಖ ನೋಡಿ ರಕ್ತ ಅಳೆಯುತ್ತಾಳೆ ಅಂತ ನಂಬಿದಳು. ಪಾಪ, ಕೆಲಸ ಬಲ್ಲವಳು ಇನ್ನೊಬ್ಬರೂ ಕೆಲಸ ಬಲ್ಲವರು ಅಂತಲೇ ನಂಬುತ್ತಾಳೆ.

ಗುಬ್ಬಿ ಸುಮ್ಮನಿರುವವಳಲ್ಲ. ಏಳನೇ ತಿಂಗಳಿಗೆ ಹೋದಾಗ ಅಕ್ಕನನ್ನೂ ಎಳೆದುಕೊಂಡು ಹೋದಳು. ಕಿಟಕಿಯಲ್ಲಿ ಕೇಳಿಯೇಬಿಟ್ಟಳು.

“ನರ್ಸಮ್ಮ, ನಂಗೂ ಆ ಪಟ್ಟಿ ಕಟ್ಟಿ ನೋಡಿ.”

ಒಳಗಿನ ಬೆಂಚಿನವರು ತಿರುಗಿ ನೋಡಿದರು. ನರ್ಸಮ್ಮ ಪೆನ್ನು ಕೆಳಗಿಟ್ಟಳು.

“ನೋಡಮ್ಮ, ಇರೋದು ಒಂದೇ ಮಿಷನ್ನು, ಒಂದೇ ಪಟ್ಟಿ. ಎಲ್ಲರ ತೋಳಿಗೂ ಹೋಗೋದು. ನಿಮ್ಮ ವಾಸನೆ ಹಿಡಿದ್ರೆ ಆಮೇಲೆ ಬೇರೆಯೋರು ಕಟ್ಟಿಸ್ಕೊಳ್ತಾರಾ? ನಿಮಗೆ ಒಬ್ಬೊಬ್ಬರಿಗೂ ಕಟ್ಟೋದು, ಬಿಚ್ಚೋದು, ಒಗೆಯೋದು ಮಾಡ್ತಾ ಕೂತ್ರೆ ನಂಗೆ ಇಲ್ಲೇ ಸಂಜೆ ಆಗುತ್ತೆ. ಮೈ ತೊಳ್ಕೊಂಡು ಬಾ, ನೋಡೋಣ.”

ಗುಬ್ಬಿ ಅದನ್ನು ಮಾತು ಕೊಟ್ಟಂತೆ ತೆಗೆದುಕೊಂಡಳು. ಕ್ಲಿನಿಕ್ಕಿನ ಹಿತ್ತಲಲ್ಲಿ ಒಂದು ಡ್ರಮ್ಮು ನೀರಿತ್ತು. “ಇಲ್ಲೇ ತೊಳೀತೀನಿ, ಒಂದೇ ತೋಳು ತಾನೇ ಬೇಕಾಗಿರೋದು,” ಅಂದಳು. ಅಕ್ಕ ನೀರು ಹೊಯ್ದಳು. ಅಲ್ಲೇ ಬಿದ್ದಿದ್ದ ಬಟ್ಟೆ ಸೋಪಿನ ಚೂರು ಹಾಕಿ ತಿಕ್ಕಿದಳು. ಹೋಗಲಿಲ್ಲ. ಇಟ್ಟಿಗೆಯ ಚೂರು ತೆಗೆದುಕೊಂಡು ತಿಕ್ಕಿದಳು. ತಂಗಿಯ ತೋಳು ಕೆಂಪಾಯಿತು, ಸಣ್ಣಗೆ ರಕ್ತ ಒಸರಿತು. “ತಿಕ್ಕೇ, ತಿಕ್ಕು, ನಾನೇನು ಬೆಣ್ಣೆ ಮುದ್ದೆ ಅಲ್ಲ,” ಅಂತ ಗುಬ್ಬಿ ಹಲ್ಲು ಕಚ್ಚಿ ನಗುತ್ತಿದ್ದಳು. ಹೊಟ್ಟೆ ಹೊತ್ತುಕೊಂಡು ಬಗ್ಗಿ ನಿಂತಿದ್ದ ಆ ಹುಡುಗಿಯ ತೋಳನ್ನು ಅಕ್ಕ ಪಾತ್ರೆ ತಿಕ್ಕಿದ ಹಾಗೆ ತಿಕ್ಕಿದಳು. ಒದ್ದೆ ತೋಳನ್ನು ಕಿಟಕಿಯೊಳಗೆ ಚಾಚಿದಾಗ ನರ್ಸಮ್ಮ ಬಗ್ಗಿ ಮೂಸಿ ನೋಡಿದಳು. ಹೌದು, ಮೂಸಿ ನೋಡಿದಳು, ಮಾರುಕಟ್ಟೆಯಲ್ಲಿ ಮೀನು ಮೂಸುವ ಹಾಗೆ.

“ಇನ್ನೂ ಬರ್ತಿದೆ,” ಅಂದಳು. ಕಾರ್ಡಿನಲ್ಲಿ ಬರೆದಳು. ನೂರಾ ಇಪ್ಪತ್ತು, ಎಂಬತ್ತು.

ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಗುಬ್ಬಿ ದಾರಿಯುದ್ದಕ್ಕೂ ಮಾತಾಡಲಿಲ್ಲ. ಅವಳು ಮಾತಾಡದೆ ಇದ್ದದ್ದನ್ನು ಅಕ್ಕ ಅವತ್ತೇ ಮೊದಲು ನೋಡಿದ್ದು. ಶೆಡ್ಡಿನ ಬಾಗಿಲಿಗೆ ಬಂದ ಮೇಲೆ ಒಂದೇ ಮಾತು ಹೇಳಿದಳು: “ಇನ್ನು ಕೇಳಲ್ಲ ಬಿಡೇ.”

ಎಂಟನೇ ತಿಂಗಳಿಗೆ ಮುಖ ಊದಿತು. ಮೊದಲು ಕಣ್ಣಿನ ಸುತ್ತ, ಆಮೇಲೆ ಕೈ. ಉಂಗುರ ಬೆರಳಿನಲ್ಲಿ ಹೂತು ಹೋಯಿತು. “ಗಂಡ ಬಿಟ್ರೂ ಉಂಗುರ ನನ್ನನ್ನ ಬಿಡಲ್ಲ ನೋಡು,” ಅಂತ ಗುಬ್ಬಿ ಬೆರಳು ತೋರಿಸಿ ಎಲ್ಲರನ್ನೂ ನಗಿಸಿದಳು. ತಲೆನೋವು ಶುರುವಾಯಿತು. ತಲೆಯ ಹಿಂಭಾಗದಲ್ಲಿ ಯಾರೋ ಮೊಳೆ ಹೊಡೆದ ಹಾಗೆ ಅನ್ನುತ್ತಿದ್ದಳು. ಅಕ್ಕ ತನಗೆ ಗೊತ್ತಿದ್ದನ್ನೆಲ್ಲ ಮಾಡಿದಳು. ತಣ್ಣೀರಿನ ಬಕೆಟ್ಟು ಇಟ್ಟಳು. ಸಪ್ಪೆ ಅಡುಗೆ ಮಾಡಿದಳು. ಮೇಸ್ತ್ರಿಯ ಕೈಕಾಲು ಹಿಡಿದು ಗುಬ್ಬಿಯನ್ನು ಚೀಲ ಹೊಲಿಯುವ ಮೂಲೆಗೆ ಹಾಕಿಸಿದಳು. ಅವಳ ಪಾಲಿನ ಚರ್ಮವನ್ನು ತಾನೇ ಕೊಡವಿದಳು. ರಾತ್ರಿ ಸೊಂಟ ಹಿಡಿದುಕೊಂಡು ಬಿದ್ದುಕೊಳ್ಳುತ್ತಿದ್ದಳು.

“ಅಕ್ಕಾ, ಇದು ಬರೀ ಉಪ್ಪಾ?” ಅಂತ ಒಂದು ದಿನ ಗುಬ್ಬಿ ಕೇಳಿದಳು.

“ಇನ್ನೇನು ಮತ್ತೆ? ನಾನು ಹದಿನೆಂಟು ವರ್ಷದಿಂದ ಊದ್ತಾ ಇದೀನಿ. ಸತ್ತಿದ್ದೀನಾ?”

ಈ ಮಾತು ಅಕ್ಕನ ಬಾಯಿಂದ ಬಂತು. ನಾಲಿಗೆಗೆ ಎಲುಬಿಲ್ಲ, ಬಂದುಬಿಡುತ್ತದೆ. ಈಗ ಆ ನಾಲಿಗೆಯನ್ನೇ ಕತ್ತರಿಸಿ ಹಾಕಲೇ ಅನ್ನುತ್ತಾಳೆ.

ಆದರೂ ಮಂಗಳವಾರ ಕಳಿಸಿದಳು, ಐದನೇ ಸಲ. ಗುಬ್ಬಿ ಕಿಟಕಿಯಲ್ಲಿ ತಲೆನೋವು ಅಂದಳು, ಮುಖ ಊದಿದೆ ಅಂದಳು. ಅವಳ ಹಿಂದೆ ಸಾಲಿನಲ್ಲಿ ನಿಂತಿದ್ದ ಶೆಡ್ಡಿನ ಹುಡುಗಿ ಕಿವಿಯಾರೆ ಕೇಳಿದ್ದಾಳೆ. ನರ್ಸಮ್ಮ ಹೇಳಿದ್ದು: “ಉಪ್ಪಿನವರಿಗೆ ಊತ ಇದ್ದದ್ದೇ.” ನೋಡಿ, ಶೆಡ್ಡಿನ ಪೆದ್ದು ಮಾತು ಬಿಳಿ ಕೋಟು ಹಾಕಿಕೊಂಡು ವಾಪಸ್ಸು ಬಂತು. ಗೊತ್ತಿಲ್ಲದವರು ಹೇಳಿದರೆ ಅದು ಮೂಢತನ. ಗೊತ್ತಿದ್ದವಳು ಹೇಳಿದರೆ ಅದಕ್ಕೆ ಏನು ಹೆಸರು? ಎರಡು ತಲೆನೋವಿನ ಮಾತ್ರೆ, ನೂರಾ ಇಪ್ಪತ್ತು, ಎಂಬತ್ತು. ಕಾರ್ಡು ನೋಡಿ ಅಕ್ಕನಿಗೆ ಸಮಾಧಾನವಾಯಿತು. ಆ ಸಮಾಧಾನವೇ ಮುಳುವಾಯಿತು.

ಎರಡು ದಿನ ಕಳೆದು ಗುರುವಾರ. ಬೆಳಗ್ಗೆ ಹನ್ನೊಂದು ಗಂಟೆ ಇರಬಹುದು. ಲಾರಿ ಬರುವುದು ತಡವಾಗಿತ್ತು. ಎಲ್ಲರೂ ಚೀಲದ ರಾಶಿಯ ಹತ್ತಿರ ಕೂತಿದ್ದರು. ತಗಡಿನ ತೂತಿನಿಂದ ಬಿಸಿಲು ಬೀಳುತ್ತಿತ್ತು. ಗುಬ್ಬಿ ದಬ್ಬಣ ಹಿಡಿದು ಚೀಲದ ಬಾಯಿ ಹೊಲಿಯುತ್ತಿದ್ದಳು. ಎದೆಗೂಡಿನ ಕೆಳಗೆ ನೋವು ಅಂತ ಒಂದು ಕೈಯಲ್ಲಿ ಅಲ್ಲೇ ಒತ್ತಿ ಹಿಡಿದಿದ್ದಳು.

“ಅಕ್ಕಾ, ಇವತ್ತು ಉಪ್ಪು ಜಾಸ್ತಿ ಹಾರ್ತಿದೆ ಅಲ್ವಾ?” ಅಂದಳು.

“ಹೂಂ,” ಅಂದಳು ಅಕ್ಕ, ತಲೆ ಎತ್ತದೆ.

“ಮಿಣಮಿಣ ಅಂತಿದೆ. ಕಣ್ಣ ತುಂಬಾ. ಚೆನ್ನಾಗಿದೆ ನೋಡೋಕೆ.”

ಚರ್ಮ ಬಡಿದಾಗ ಉಪ್ಪಿನ ಪುಡಿ ಎದ್ದು ಬಿಸಿಲಿನಲ್ಲಿ ಹೊಳೆಯುವುದು ಶೆಡ್ಡಿನವರಿಗೆಲ್ಲ ಗೊತ್ತಿದ್ದದ್ದೇ. ಅಕ್ಕ “ಕಣ್ಣುಜ್ಜಬೇಡ, ಉರಿಯುತ್ತೆ” ಅಂದಳು. ಮುಂದಿನ ಗಳಿಗೆಯಲ್ಲಿ ದಬ್ಬಣ ಬಿತ್ತು. ಗುಬ್ಬಿಯ ಕುತ್ತಿಗೆ ಒಂದು ಕಡೆ ತಿರುಚಿಕೊಂಡಿತು. ಕಣ್ಣು ಮೇಲೆ ಸಿಕ್ಕಿಕೊಂಡಿತು. ಕೈಕಾಲು ಸೆಟೆದು ಬಡಿದುಕೊಳ್ಳತೊಡಗಿದವು. ನಾಲಿಗೆ ಕಚ್ಚಿಕೊಂಡು ಬಾಯಿಂದ ರಕ್ತದ ನೊರೆ ಬಂತು. ಆ ದೊಡ್ಡ ಹೊಟ್ಟೆ ನೆಲದ ಮೇಲೆ ಅತ್ತಿಂದಿತ್ತ ಹೊರಳುತ್ತಿತ್ತು. ಅಕ್ಕ ಅದರ ಮೇಲೆ ಎರಡೂ ಕೈ ಇಟ್ಟು ಕಿರುಚಿದಳು.

“ಗಾಡಿ ಕೊಡಿ ಮೇಸ್ತ್ರಿ!”

“ಗಾಡಿ ಮಾಲು ತರೋಕೆ ಹೋಗಿದೆ.”

ಚರ್ಮ ಹೇರುವ ತಳ್ಳುಗಾಡಿಯಲ್ಲಿ ಚೀಲ ಹಾಸಿ ಮಲಗಿಸಿದರು. ನಾಲ್ಕು ಜನ ತಳ್ಳಿಕೊಂಡು ಹತ್ತಿರದ ಕ್ಲಿನಿಕ್ಕಿಗೆ ಓಡಿದರು. ನರ್ಸಮ್ಮ ಬಾಗಿಲಿಗೆ ಬಂದಳು. ಮೆಟ್ಟಿಲು ಇಳಿಯಲಿಲ್ಲ. ಕಾರ್ಡು ಕೇಳಿದಳು. “ಮೊನ್ನೆ ತಾನೇ ಬಿಪಿ ಸರಿ ಇದೆಯಲ್ಲ. ಇದು ಮೂರ್ಛೆ ರೋಗ,” ಅಂದಳು. ತಾನು ಬರೆದ ಸುಳ್ಳನ್ನು ತಾನೇ ಓದಿ ತಾನೇ ನಂಬಿದಳು. ಅದನ್ನೇ ಚೀಟಿಯಲ್ಲಿ ಬರೆದು ದೊಡ್ಡಾಸ್ಪತ್ರೆಗೆ ಹೋಗಿ ಅಂದಳು. ಬಾಡಿಗೆ ಗಾಡಿಯವರು ಇಬ್ಬರು ನಿಲ್ಲಿಸಿದರು, ವಾಸನೆ ಬಂದ ಕೂಡಲೇ ಹೊರಟರು. ಮೂರನೆಯವನು ತರಕಾರಿ ವ್ಯಾನಿನವನು, “ಹತ್ತಿಸಿ ಬೇಗ” ಅಂದ. ಅವನ ಹೊಟ್ಟೆ ತಣ್ಣಗಿರಲಿ. ದಾರಿಯಲ್ಲಿ ಇನ್ನೆರಡು ಸಲ ಸೆಟೆಯಿತು. ಅಷ್ಟು ಹೊತ್ತಿಗೆ ಒಂದೂವರೆ ಗಂಟೆ ಕಳೆದಿತ್ತು.

ದೊಡ್ಡಾಸ್ಪತ್ರೆಯಲ್ಲಿ ಒಳಗೆ ತಳ್ಳಿಕೊಂಡು ಹೋದರು, ಬಾಗಿಲು ಮುಚ್ಚಿತು. ಸ್ವಲ್ಪ ಹೊತ್ತಿಗೆ ಒಬ್ಬಳು ಚಿಕ್ಕ ವಯಸ್ಸಿನ ಡಾಕ್ಟರಮ್ಮ ಕಾರ್ಡು ಹಿಡಿದುಕೊಂಡು ಹೊರಗೆ ಬಂದಳು. ಸಿಟ್ಟಿನಿಂದ ಅವಳ ಮುಖ ಬಿಗಿದಿತ್ತು.

“ಈ ಕಾರ್ಡು ಬರೆದದ್ದು ಯಾರು?”

“ನರ್ಸಮ್ಮ,” ಅಂದಳು ಅಕ್ಕ.

“ಅವರ ಬಿಪಿ ಇನ್ನೂರು, ನೂರಾ ಮೂವತ್ತು ಇದೆ. ಎರಡು ದಿನದಲ್ಲಿ ಹೀಗಾಗಿರೋದಲ್ಲ ಇದು. ತಲೆನೋವು ಅಂತಿದ್ರಾ? ಮುಖ ಊದಿತ್ತಾ? ಕಣ್ಣ ಮುಂದೆ ಏನಾದ್ರೂ ಮಿಂಚಿದ ಹಾಗೆ, ಮಿಣುಕಿದ ಹಾಗೆ ಅಂತ ಹೇಳಿದ್ರಾ?”

“ಇಲ್ಲ ತಾಯಿ. ಅದು ಶೆಡ್ಡಲ್ಲಿ ಉಪ್ಪು ಹಾರ್ತಿತ್ತು, ಅದಕ್ಕೆ...” ಅನ್ನುತ್ತಿದ್ದ ಅಕ್ಕ ಅಲ್ಲಿಗೇ ಮಾತು ನಿಲ್ಲಿಸಿದಳು.

ಲಾರಿ ಬಂದಿರಲಿಲ್ಲ. ಬೆಳಗ್ಗೆಯಿಂದ ಒಂದು ಚರ್ಮವನ್ನೂ ಯಾರೂ ಬಡಿದಿರಲಿಲ್ಲ. ಶೆಡ್ಡಿನಲ್ಲಿ ಅವತ್ತು ಉಪ್ಪು ಹಾರುತ್ತಿರಲೇ ಇಲ್ಲ.

ಅಕ್ಕ ಗೋಡೆ ಹಿಡಿದುಕೊಂಡು ನೆಲದ ಮೇಲೆ ಕೂತಳು. ಡಾಕ್ಟರಮ್ಮ ಪಕ್ಕದಲ್ಲೇ ಕೂತಳು. ಮೂಗು ಮುಚ್ಚಿಕೊಳ್ಳಲಿಲ್ಲ. ಕೆಲವು ಬಸುರಿಯರಿಗೆ ರಕ್ತದ ಒತ್ತಡ ಏರುತ್ತದೆ, ಮುಖ ಊದುತ್ತದೆ, ತಲೆ ಸಿಡಿಯುತ್ತದೆ, ಕಣ್ಣು ಮಿಣುಕುತ್ತದೆ, ನೋಡದೆ ಬಿಟ್ಟರೆ ಹೀಗೆ ಸೆಟೆಯುತ್ತದೆ ಅಂತ ಬಿಡಿಸಿ ಹೇಳಿದಳು.

“ಉಪ್ಪು ಹತ್ತಿದ್ದಲ್ವಾ ತಾಯಿ?”

“ಅಲ್ಲಮ್ಮ. ಉಪ್ಪು ಮುಟ್ಟಿದ್ದಕ್ಕೆ ಇದು ಬರಲ್ಲ. ಪಟ್ಟಿ ಕಟ್ಟಿ ನೋಡಿದ್ರೆ ಗೊತ್ತಾಗ್ತಿತ್ತು. ಮೂತ್ರ ನೋಡಿದ್ರೂ ಗೊತ್ತಾಗ್ತಿತ್ತು. ಗೊತ್ತಾಗಿದ್ರೆ ಮಾತ್ರೆ ಕೊಡ್ತಿದ್ವಿ, ಇಲ್ಲೇ ಇಟ್ಕೊಂಡು ನೋಡ್ತಿದ್ವಿ, ಬೇಕಾದ್ರೆ ಬೇಗ ಹೆರಿಗೆ ಮಾಡಿಸ್ತಿದ್ವಿ.”

ಹೊಟ್ಟೆ ಕೊಯ್ದು ಮಗು ತೆಗೆದರು. ಹೆಣ್ಣು, ಎರಡು ಕಿಲೋಗೂ ಕಡಿಮೆ. ಅದನ್ನು ಕಾವಿನ ಪೆಟ್ಟಿಗೆಯಲ್ಲಿ ಇಟ್ಟರು. ಗುಬ್ಬಿಯ ತಲೆಯೊಳಗೆ ರಕ್ತ ಒಡೆದಿತ್ತು. ಅವಳು ಕಣ್ಣು ಬಿಡಲಿಲ್ಲ. ಶನಿವಾರ ಮಧ್ಯಾಹ್ನ ಹೋಗಿಬಿಟ್ಟಳು. ಗಂಡ ಬಂದದ್ದು ಅದಾಗಿ ಒಂದು ಗಂಟೆಯ ಮೇಲೆ, ಲಾರಿಯಿಂದ ಇಳಿದು ಹಾಗೇ. ಅವನು ಮಗುವನ್ನು ಗಾಜಿನಿಂದಾಚೆ ನೋಡಿ “ಅವಳು ಎಲ್ಲಿ ಅಕ್ಕಾ?” ಅಂತ ಕೇಳಿದ.

ಮೈ ಒರೆಸಿ ಕೊಟ್ಟಿದ್ದರು. ಅಕ್ಕ ತಂಗಿಯ ತೋಳನ್ನು ಎತ್ತಿ ಮುಖಕ್ಕೆ ಒತ್ತಿಕೊಂಡಳು. ಔಷಧಿಯ ವಾಸನೆ ಬರುತ್ತಿತ್ತು. ಶೆಡ್ಡಿಗೆ ಬಂದ ಹನ್ನೊಂದು ವರ್ಷದಲ್ಲಿ ಮೊದಲ ಸಲ ಆ ತೋಳು ಉಪ್ಪಿನ ವಾಸನೆ ಹೊಡೆಯುತ್ತಿರಲಿಲ್ಲ. “ಈಗ ಹೋಯ್ತಲ್ಲೇ, ಈಗ ಹೋಯ್ತಲ್ಲೇ,” ಅಂತ ಅಕ್ಕ ಗೋಳಾಡಿದಳು. ಹಲ್ಲಜ್ಜಿ ಅವಳನ್ನು ಎಳೆದುಕೊಂಡು ಬಂದಳು.

ಎರಡು ವಾರ ಕಳೆಯಿತು. ಮಗು ಇನ್ನೂ ಆಸ್ಪತ್ರೆಯಲ್ಲೇ ಇತ್ತು, ಹಾಲು ಎಳೆಯಲು ಕಲಿಯುತ್ತಿತ್ತು. ಅಕ್ಕ ಶೆಡ್ಡಿಗೆ ಹೋಗಲೇಬೇಕಾಯಿತು. ಒಂದು ಬುಧವಾರ ಕ್ಲಿನಿಕ್ಕಿನಿಂದ ಕರೆ ಬಂತು. ಮೇಸ್ತ್ರಿಯೇ ಬಂದು “ಹೋಗಿ ಬಾ, ಹೊತ್ತಾದ್ರೂ ಪರವಾಗಿಲ್ಲ” ಅಂದ. ಇದೇ ಮೇಸ್ತ್ರಿ. ಅಕ್ಕ ಕೊಡವುತ್ತಿದ್ದ ಚರ್ಮ ಬಿಟ್ಟು ಹಾಗೇ ಹೋದಳು. ಹಲ್ಲಜ್ಜಿ ಅವಳ ಹಿಂದೆ ನಡೆದಳು. ಅವಳ ಹಿಂದೆ ಒಬ್ಬೊಬ್ಬರಾಗಿ ಹನ್ನೆರಡು ಜನ.

ಕಿಟಕಿಯ ಹತ್ತಿರ ಹೋಗಿ ನಿಂತ ಅಕ್ಕನನ್ನು ನರ್ಸಮ್ಮ “ಒಳಗೆ ಬನ್ನಿ” ಅಂತ ಕರೆದಳು. ಒಳಗೆ ಅಂದಳು! ಒಳಗೆ ಮೇಜಿನ ಹಿಂದೆ ಕನ್ನಡಕದ ಸಾಹೇಬರೊಬ್ಬರು ಕೂತಿದ್ದರು, ಮೇಲಿನ ಕಚೇರಿಯವರು. ಬಸುರಿ ಸತ್ತರೆ ಕಾಗದ ಆಗಬೇಕಂತೆ. ಸಾಹೇಬರು ಓದಿದರು.

“‘ಐದು ಬಾರಿ ರಕ್ತದೊತ್ತಡ ಪರೀಕ್ಷಿಸಲಾಗಿದ್ದು, ಸಹಜವಾಗಿತ್ತು. ಊತ ಮತ್ತು ತಲೆನೋವಿನಂಥ ಅಪಾಯದ ಲಕ್ಷಣಗಳನ್ನು ಮನೆಯವರು ನಿರ್ಲಕ್ಷಿಸಿ, ತಡವಾಗಿ ಕರೆತಂದಿರುತ್ತಾರೆ.’ ಇಲ್ಲಿ ಸಹಿ ಹಾಕಮ್ಮ. ಆಯ್ತು, ಹೋಗ್ಬಹುದು.”

ಅಕ್ಕ ಪೆನ್ನು ತೆಗೆದುಕೊಂಡಳು. ಹಿಡಿದುಕೊಂಡು ಕೂತಳು.

“ಎರಡನೇದು ನಿಜ ಸಾಹೇಬ್ರೆ,” ಅಂದಳು. “ಉಪ್ಪು ಅಂದ್ಕೊಂಡೆ. ನಾನೇ ಅಂದ್ಕೊಂಡೆ. ಅವಳು ಕೇಳಿದ್ಲು, ನಾನು ಬೈದೆ. ಅದಕ್ಕೆ ಸಹಿ ಹಾಕ್ತೀನಿ. ಬೇಕಾದ್ರೆ ಹತ್ತು ಸಲ ಹಾಕ್ತೀನಿ. ಮೊದಲ್ನೇದು ಸುಳ್ಳು. ಅದನ್ನ ಹೊಡೆದುಹಾಕಿ.”

“ಹಾಗೆಲ್ಲ ಬಿಡಿಬಿಡಿಯಾಗಿ ಬರಲ್ಲಮ್ಮ. ಕಾಗದ ಒಂದೇ, ಸಹಿ ಒಂದೇ.”

“ಹಂಗಾದ್ರೆ ಹಾಕಲ್ಲ.”

ಸಾಹೇಬರು ಕನ್ನಡಕ ತೆಗೆದರು. ಮೆತ್ತಗಿನ ಮಾತು ಅಲ್ಲಿಗೆ ಮುಗಿಯಿತು. “ಕಾರ್ಖಾನೆಯೋರಿಗೆ ತಿಳಿಸ್ಬೇಕಾಗುತ್ತೆ. ಇರೋ ಕೆಲಸಾನೂ ಹೋದ್ರೆ ಆ ಮಗೂನ ಹೇಗೆ ಸಾಕ್ತೀಯ? ಕಾರ್ಡಿನಲ್ಲಿ ಬರೆದಿದೆ, ಕಣ್ಣಿಗೆ ಕಾಣಲ್ವಾ? ಐದು ಸಲ ನೋಡಿದ್ದಾರೆ.”

ಅಕ್ಕ ಪೆನ್ನು ಕೆಳಗಿಟ್ಟಳು. ಹದಿನೆಂಟು ವರ್ಷದಲ್ಲಿ ಮೇಸ್ತ್ರಿಗೆ, ಕ್ಲಿನಿಕ್ಕಿಗೆ, ಬಸ್ಸಿನವನಿಗೆ, ಯಾರಿಗೂ ಅವಳು ಇಲ್ಲ ಅಂದವಳಲ್ಲ. ಆ ಕಾಗದದ ಮೇಲೆ ಸಹಿ ಬೀಳಲಿಲ್ಲ. ಇವತ್ತಿಗೂ ಬಿದ್ದಿಲ್ಲ. ಅವಳು ಎದ್ದಳು. ಎದ್ದು ಬಾಗಿಲ ಕಡೆ ಹೋಗಲಿಲ್ಲ, ಪರದೆಯ ಕಡೆ ಹೋದಳು. ಪರದೆ ಸರಿಸಿ ಅಲ್ಲಿದ್ದ ಸ್ಟೂಲಿನ ಮೇಲೆ ಕೂತಳು. ರವಿಕೆಯ ತೋಳು ಮೇಲೆ ಸರಿಸಿದಳು. ಆ ತೋಳಿನ ತುಂಬ ಉಪ್ಪು, ಕೂದಲು, ಒಣಗಿದ ಕೊಬ್ಬು.

“ಐದು ಸಲ ಕಟ್ಟಿದ್ರಂತಲ್ಲ ನರ್ಸಮ್ಮ. ಆರನೇದು ನಂಗೆ ಕಟ್ಟಿ.”

“ನೀವೇನು ಬಸುರಿನಾ?” ಅಂದಳು ನರ್ಸಮ್ಮ.

“ಅಲ್ಲ. ಬಸುರಿ ಸತ್ತಳು. ನಾನಿದ್ದೀನಿ. ನಂದೂ ಅದೇ ತೋಳು, ಅದೇ ವಾಸನೆ. ಕಟ್ಟಿ, ನೋಡ್ತೀನಿ.”

ನರ್ಸಮ್ಮ ಸಾಹೇಬರ ಮುಖ ನೋಡಿದಳು. ಸಾಹೇಬರು ಕಿಟಕಿ ನೋಡಿದರು. ಕಿಟಕಿಯ ತುಂಬ ಮುಖಗಳಿದ್ದವು. ಸರಳಿನ ನಡುವಿನಿಂದ ಒಂದೊಂದೇ ತೋಳು ಒಳಗೆ ಬಂತು. ಬಿರುಕು ಬಿಟ್ಟ ತೋಳು, ಹುಣ್ಣಾದ ತೋಳು, ಊದಿದ ತೋಳು. ಕೋಣೆಯೆಲ್ಲ ವಾಸನೆ ತುಂಬಿತು. “ಕಟ್ಟಮ್ಮಾ ತಾಯೀ, ನಿಂಗೆ ಸಂಜೆ ಆದ್ರೆ ನಮ್ಗೇನು, ನಾವು ಕಾಯ್ತೀವಿ. ಕಾದು ಅಭ್ಯಾಸ ಇದೆ,” ಅಂದಳು ಹಲ್ಲಜ್ಜಿ. ಯಾರೂ ನಗಲಿಲ್ಲ. ಅವಳೂ ನಗಲಿಲ್ಲ.

ನರ್ಸಮ್ಮ ಪಟ್ಟಿ ತಂದಳು. ತೋಳಿಗೆ ಸುತ್ತಿದಳು. ಕಿವಿಗೆ ಕೊಳವೆ ಹಾಕಿಕೊಂಡು ರಬ್ಬರಿನ ಬುರುಡೆ ಒತ್ತಿದಳು. ಪುಸ್, ಪುಸ್, ಪುಸ್. ತೋಳು ಬಿಗಿಯಿತು. ಅಕ್ಕ ಉಸಿರು ಹಿಡಿದಳು. ಗಾಳಿ ಸುಯ್ಯೆಂದು ಇಳಿಯಿತು. ನರ್ಸಮ್ಮ ಪಟ್ಟಿ ಬಿಚ್ಚಿದಳು.

“ನೂರಾ ನಲವತ್ತೆಂಟು, ತೊಂಬತ್ತಾರು,” ಅಂದಳು.

ಅಕ್ಕ ತೋಳನ್ನು ಹಾಗೇ ಚಾಚಿಕೊಂಡಿದ್ದಳು. ಇನ್ನೂ ಏನೋ ಇದೆ ಅಂದುಕೊಂಡಿದ್ದಳು.

“ಆಯ್ತು,” ಅಂದಳು ನರ್ಸಮ್ಮ.

“ಏನಾಯ್ತು?”

“ನೋಡಿದ್ದಾಯ್ತು. ಇಷ್ಟೇ.”

“ಇಷ್ಟೇನಾ?”

ಅಕ್ಕ ಬಿಚ್ಚಿದ ಪಟ್ಟಿಯನ್ನು ನೋಡಿದಳು, ತನ್ನ ತೋಳನ್ನು ನೋಡಿದಳು. ಒಂದು ಚರ್ಮ ಕೊಡವುವಷ್ಟು ಹೊತ್ತೂ ಆಗಿರಲಿಲ್ಲ. ಇಷ್ಟು ದಿನ ಅವಳು ಇದನ್ನು ಅರ್ಧ ದಿನದ ಕೆಲಸ ಅಂದುಕೊಂಡಿದ್ದಳು. ಅಷ್ಟು ದೊಡ್ಡ ಕೆಲಸ ನಮ್ಮಂಥವರಿಗೆ ಹೇಗೆ ಮಾಡಿಯಾರು ಅಂತ, ಒಳಗೊಳಗೇ, ನರ್ಸಮ್ಮನನ್ನು ಒಂದು ಸ್ವಲ್ಪ ಕ್ಷಮಿಸಿಯೂ ಬಿಟ್ಟಿದ್ದಳು. ಈಗ ಅವಳ ಹೊಟ್ಟೆಯಿಂದ ಒಂದು ಕೂಗು ಎದ್ದು ಬಂತು. ಹೆಣದ ಮುಂದೆಯೂ ಅವಳು ಹಾಗೆ ಕೂಗಿರಲಿಲ್ಲ.

“ಇಷ್ಟೇನಾ ನರ್ಸಮ್ಮ? ಇಷ್ಟು ಹೊತ್ತಿನ ಕೆಲಸಾನಾ ಇದು? ನನ್ನ ಗುಬ್ಬಿಗೆ ಇಷ್ಟು ಹೊತ್ತು ಇರ್ಲಿಲ್ವಾ ನಿಮ್ಮ ಹತ್ರ?”